ಕರೆಯಲು ಬಂದ ಅಣ್ಣ

ಕದ ತೆರೆದ ಮಾಲಾ ಅಣ್ಣನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಅವಳ ಕಣ್ಣು ಮೊದಲು ಹೋದದ್ದು ಅವನ ಕೈಯಲ್ಲಿದ್ದ ಚೀಲಕ್ಕೆ. ಚೀಲದ ಬಾಯಿಂದ ಹಸಿರು ಸೀರೆಯ ಅಂಚು ಇಣುಕುತ್ತಿತ್ತು. ನಾಳೆ ಪಂಚಮಿ. ಪಂಚಮಿಯ ಮುನ್ನಾದಿನ ಅಣ್ಣನೊಬ್ಬ ಸೀರೆ ಹಿಡಿದು ತಂಗಿಯ ಬಾಗಿಲಿಗೆ ಬಂದರೆ, ಯಾಕೆ ಬಂದೆ ಎಂದು ಆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ.

"ಹುಸೇನಬಿ ಚಾಚೀ!" ಅಣ್ಣನನ್ನು ಒಳಗೆ ಕರೆಯುವ ಮೊದಲೇ ಅವಳು ಎದುರುಮನೆಗೆ ಕೂಗಿದಳು. "ನಮ್ಮಣ್ಣ ಬಂದಾನ ನೋಡಬೇ! ನನ್ನ ಪಂಚಮಿಗೆ ಕರಿಯಾಕ ಬಂದಾನ!"

ಅಣ್ಣ ಭಾಗಪ್ಪ ಹಿಂದೆ ತಿರುಗಿ ನೋಡಿದ. ಬಬಲೇಶ್ವರದ ಆ ಇಕ್ಕಟ್ಟಿನ ಓಣಿಯಲ್ಲಿ ಆಗಲೇ ನಾಲ್ಕಾರು ಬಾಗಿಲುಗಳಿಂದ ತಲೆಗಳು ಹೊರಬಂದಿದ್ದವು. ಅವನ ಹಿಂದೆ ನಿಂತಿದ್ದ ವಕೀಲೆ ಶರ್ವರಿ ತನ್ನ ಹೆಗಲ ಚೀಲವನ್ನು ಬಗಲಿಗೆ ಎಳೆದುಕೊಂಡಳು. ಅವರಿಬ್ಬರೂ ಬಂದ ಕೆಲಸ ಆ ಚೀಲದಲ್ಲಿತ್ತು: ಒಂದು ಒಪ್ಪಿಗೆ ಪತ್ರ, ಒಂದು ಪೆನ್ನು.

ಭಾಗಪ್ಪನ ಊರಾದ ಕಳ್ಳಕವಟಗಿಯ ಹೊಲಗಳನ್ನು ಒಂದು ಸೋಲಾರ್ ಕಂಪನಿ ಮೂವತ್ತು ವರ್ಷದ ಗುತ್ತಿಗೆಗೆ ಹಿಡಿಯುತ್ತಿತ್ತು. ಆ ಗುತ್ತಿಗೆಯನ್ನು ನಂಬಿ ಕಂಪನಿಗೆ ಸಾಲ ಕೊಡುವುದು ಬ್ಯಾಂಕು. ಬ್ಯಾಂಕಿನವರಿಗೆ ವಿಜಯಪುರದ ಬಿಸಿಲಿನ ಮೇಲೆ ಪೂರ್ತಿ ಭರವಸೆ. ಮನುಷ್ಯರ ಮೇಲೆ ಮಾತ್ರ ಇಲ್ಲ. ಈ ಹೊಲಗಳ ಮೇಲೆ ನಾಳೆ ಯಾರೂ ತಕರಾರು ತೆಗೆಯುವುದಿಲ್ಲ ಎಂದು ಬರೆದುಕೊಡಲು ಅವರು ಅಲ್ಲಿನ ಜಲನಗರದ ಶರ್ವರಿಯನ್ನು ನೇಮಿಸಿದ್ದರು. ಭಾಗಪ್ಪನ ಹೊಲದ ಕಾಗದಗಳೆಲ್ಲ ಸರಿಯಾಗಿದ್ದವು. ವಂಶಾವಳಿ ಮಾಡಿಸುವಾಗ ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ ಅವನು "ನಾ ಒಬ್ಬನ" ಎಂದಿದ್ದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕೊಟ್ಟ ಮನೆಗೆ ಹೋದ ಹೆಣ್ಣನ್ನು ಅಲ್ಲಿ ಯಾರೂ ಎಣಿಕೆಗೆ ಹಿಡಿಯುವುದಿಲ್ಲ. ಅದರಲ್ಲೂ ಮಾಲಾ ಕೊಟ್ಟ ಮನೆಗೆ ಹೋದವಳಲ್ಲ, ತಾನೇ ಮೆಚ್ಚಿದವನ ಮನೆಗೆ ಹೋದವಳು. ಅಂದಿನಿಂದ ಅಪ್ಪ ಅವಳ ಹೆಸರು ಎತ್ತಗೊಡಲಿಲ್ಲ. ಅಪ್ಪ ತೀರಿಹೋದ ಮೇಲೆ ಎತ್ತಬಹುದಿತ್ತು. ಭಾಗಪ್ಪನಿಗೆ ಅಷ್ಟರಲ್ಲಿ ರೂಢಿ ತಪ್ಪಿತ್ತು.

ಹೋದ ವಾರ ಹೊಲ ನೋಡಲು ಹೋದಾಗ ಶರ್ವರಿಗೆ ಚಹಾ ಕೊಟ್ಟ ಅವನ ತಾಯಿ ಪರಸವ್ವ, ಕತ್ತು ಓರೆ ಮಾಡಿ ಕುಡಿಯುತ್ತಿದ್ದ ಅವಳನ್ನೇ ನೋಡುತ್ತಾ, "ನನ್ನ ಮಗಳೂ ಹಿಂಗ, ಗೋಣು ವಾರಿ ಮಾಡಿ ಊದಿ ಊದಿ ಕುಡೀತಿದ್ಲು ಯವ್ವಾ" ಎಂದಿದ್ದಳು. ಶರ್ವರಿ ಚಹಾದ ಬಸಿ ಕೆಳಗಿಟ್ಟು, "ಯಾವ ಮಗಳ್ರಿ?" ಎಂದಳು. ಅಪ್ಪನ ಹೊಲದಲ್ಲಿ ಮಗಳಿಗೂ ಪಾಲಿದೆ, ಅವಳ ಸಹಿ ಇಲ್ಲದೆ ಈ ಹೊಲಕ್ಕೆ ನಾನು ಬರೆದುಕೊಡಲಾರೆ ಎಂದು ಅಂದೇ ಹೇಳಿ ಬಂದಿದ್ದಳು. ಸಹಿಗೆ ಇವತ್ತೇ ಕಡೆಯ ದಿನ. ಆಗದಿದ್ದರೆ ಭಾಗಪ್ಪನ ಹೊಲವನ್ನು ಬಿಟ್ಟು ಕಂಪನಿ ಪಕ್ಕದವರ ಹೊಲ ಹಿಡಿಯುತ್ತದೆ. ಇವತ್ತು ಹೊರಡುವಾಗ ಪರಸವ್ವ, "ಬರಿಗೈಲೆ ಹೋಗಬ್ಯಾಡೋ" ಎಂದು ಆ ಸೀರೆಯ ಚೀಲವನ್ನು ಮಗನ ಕೈಗೆ ಕೊಟ್ಟಿದ್ದಳು.

"ಇವ್ರು ಯಾರಣ್ಣಾ?" ಮಾಲಾ ನೀರಿನ ತಂಬಿಗೆ ತಂದಿಟ್ಟು ಕೇಳಿದಳು.

"ವಕೀಲ್ರು. ಇಜಾಪುರದವ್ರು," ಎಂದ ಭಾಗಪ್ಪ. "ಅವ್ರ ಗಾಡ್ಯಾಗ ಬಂದ್ನಿ."

"ಛಲೋ ಆತು ಬಿಡ್ರಿ ಅಕ್ಕಾರ, ಬಸ್ಸಿಗೆ ಕಾಯೂದು ತಪ್ತು. ಅಣ್ಣಾ, ಅವ್ವ ಹೆಂಗದಾಳೋ? ಮೊಳಕಾಲು ಬ್ಯಾನಿ ಕಡಿಮಿ ಆಗೇತಿಲ್ಲೋ?" ಉತ್ತರಕ್ಕೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಚಹಾ ಇಟ್ಟು, ಟೇಲರ್ ಅಂಗಡಿಯಲ್ಲಿದ್ದ ಗಂಡ ಶಿವಾಜಿಗೆ ಫೋನು ಹಚ್ಚಿದಳು. "ಏನ್ರಿ, ಅಣ್ಣ ಬಂದಾನ್ರಿ. ಹೂಂನ್ರಿ, ನಮ್ಮಣ್ಣನ! ನಾ ಪಂಚಮಿ ಮುಗಿಸ್ಕೊಂಡು ಬರ್ತೀನಿ. ನೀವು ರೊಟ್ಟಿ ಚಾಚಿ ಮನ್ಯಾಗ ತಿನ್ರಿ." ಫೋನಿನ ಆ ಕಡೆಯಿಂದ ಶಿವಾಜಿ ಜೋರಾಗಿ ನಕ್ಕದ್ದು ಹೊರಗಿನ ಕೋಣೆಗೂ ಕೇಳಿಸಿತು. ಚೀಲದಿಂದ ಸೀರೆ ತೆಗೆದು ಎದೆಗೆ ಅವಚಿಕೊಂಡು ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಅವುಗಳ ಕೆಳಗಿನ ಕುರ್ಚಿಯಲ್ಲಿ ಭಾಗಪ್ಪ ಮೈ ಹಿಡಿಮಾಡಿಕೊಂಡು ಕೂತಿದ್ದ. ಶರ್ವರಿಯ ಕಡೆ ಬಾಗಿ ಪಿಸುದನಿಯಲ್ಲಿ ಹೇಳಿದ, "ಈಗ ಕೊಟ್ಟುಬಿಡ್ರಿ ಅಕ್ಕಾರ. ಭಾಳ ಖುಷಿಯಾಗ್ಯಾಳ. ಓದೂದೂ ಇಲ್ಲ, ಹಂಗ ಸಹಿ ಹಾಕ್ತಾಳ."

ಅದು ನಿಜವಾಗಿತ್ತು. ಅದಕ್ಕೇ ಶರ್ವರಿಗೆ ಕಸಿವಿಸಿಯಾಯಿತು. ಚೀಲದೊಳಗೆ ಫೋನು ಗುರುಗುಟ್ಟಿತು, ಕಂಪನಿಯ ನಂದಕಿಶೋರ. ಅವನು ಬರೆಸಿದ್ದ ಒಪ್ಪಿಗೆ ಪತ್ರದ ಕೊನೆಯಲ್ಲಿ, ನನ್ನ ಪಾಲಿನ ಬಾಡಿಗೆಯೂ ಅಣ್ಣನಿಗೇ ಸೇರಲಿ ಎಂಬ ಒಂದು ಸಾಲಿತ್ತು. ಬ್ಯಾಂಕಿಗೆ ಆ ಸಾಲಿನ ಗೊಡವೆ ಇಲ್ಲ, ಸಹಿ ಇದ್ದರಾಯಿತು. ಅವಳು ಫೋನು ಎತ್ತಲಿಲ್ಲ.

ಮಾಲಾ ಹೊರಬಂದಳು. ಹಸಿರು ಸೀರೆ ಉಟ್ಟಿದ್ದಳು. ನೆರಿಗೆಗಳಿನ್ನೂ ಮಡಿಕೆ ಬಿಟ್ಟಿರಲಿಲ್ಲ. ಒಂದು ಕೈಯಲ್ಲಿ ಬಟ್ಟೆ ತುಂಬಿದ ಬ್ಯಾಗು, ಇನ್ನೊಂದರಲ್ಲಿ ಅವ್ವನಿಗೆಂದು ಡಬ್ಬಿ. "ಹೆಂಗ ಕಾಣಸ್ತೈತಿ ಅಣ್ಣಾ?" ಎಂದಳು. ಭಾಗಪ್ಪ ನೆಲ ನೋಡಿದ.

ತಿಳಿಯದೆ ಹಾಕಿಸಿಕೊಂಡ ಸಹಿ ಮುಂದೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಶರ್ವರಿ ತನಗೆ ತಾನೇ ಹೇಳಿಕೊಂಡಳು. ಅದು ವಕೀಲರ ಕಾರಣ. ಆ ಹೊತ್ತಿನಲ್ಲಿ ಅವಳಿಂದ ನೋಡಲಾಗದೇ ಹೋದದ್ದು ಆ ಸೀರೆಯನ್ನು.

"ಮಾಲಾ ಅವರ, ಸ್ವಲ್ಪ ಕೂಡ್ರಿ," ಎಂದು ಕಾಗದ ತೆಗೆದಳು. ಕಂಪನಿ, ಗುತ್ತಿಗೆ, ಬ್ಯಾಂಕು, ಅಪ್ಪನ ಹೊಲದಲ್ಲಿ ಅವಳಿಗಿರುವ ಪಾಲು, ಕೊನೆಯ ಆ ಸಾಲು, ಎಲ್ಲವನ್ನೂ ತಿಳಿಯುವ ಮಾತಿನಲ್ಲಿ ಹೇಳಿದಳು. ಚಹಾ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಮಾಲಾ ಎದ್ದು ಹೋಗಿ ಆರಿಸಿ ಬಂದಳು.

"ಅಂದ್ರ ನೀ ಕರಿಯಾಕ ಬಂದಿಲ್ಲ," ಎಂದಳು ಅಣ್ಣನಿಗೆ.

ಭಾಗಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

"ಅಪ್ಪ ತೀರಿದ ವರ್ಷ ಅಂದ್ಕೊಂಡ್ನಿ, ಈಗರೆ ಬರ್ತಾನ ಅಂತ. ಮುಂದಿನ ವರ್ಷನೂ ಅಂದ್ಕೊಂಡ್ನಿ. ಓಣ್ಯಾಗ ಎಲ್ಲಾರ ಅಣ್ಣತಮ್ಮಂದಿರು ಬರ್ತಾರ, ನಾ ಕದ ಮುಂದ ಮಾಡ್ಕೊಂಡು ಕುಂದರ್ತಿದ್ನಿ. ಒಂದು ಸಹಿಗಾದ್ರ ಹಾದಿ ಗೊತ್ತಾತೇನೋ ನಿನಗ?"

ಅಷ್ಟರಲ್ಲಿ ಹುಸೇನಬಿ ಮಲ್ಲಿಗೆ ದಂಡೆ ಹಿಡಿದು ಒಳಗೇ ಬಂದಳು. "ಬರೀ ತಲಿಲೆ ತವರಮನಿಗೆ ಹೋಗ್ತಿಯೇನ ಹುಚ್ಚಿ? ತಿರುಗು ಇತ್ತಾಗ." ಮಾಲಾ ತಿರುಗಿ ನಿಂತಳು. ಹೂವು ಮುಡಿಸುತ್ತಾ ಮುದುಕಿ ಭಾಗಪ್ಪನಿಗೆ ಹೇಳಿದಳು, "ಕೊನಿಗೂ ಬಂದೆಲ್ಲಪ್ಪಾ. ಈಕಿ ಭಾಳ ಹಾದಿ ನೋಡ್ಯಾಳ." ಮಾಲಾ ನಗುತ್ತಿದ್ದಳು.

ಹುಸೇನಬಿ ಹೋದ ಮೇಲೆ ಮಾಲಾ ಕೈ ಚಾಚಿದಳು. "ಪೆನ್ನು ಕೊಡ್ರಿ ಅಕ್ಕಾರ."

"ಇವತ್ತ ಬ್ಯಾಡ್ರಿ," ಎಂದು ಶರ್ವರಿ ಕಾಗದ ಮಡಚಿ ಒಳಗಿಟ್ಟಳು. "ಸಿಟ್ಟಿನ್ಯಾಗ ಹಾಕೋ ಸಹಿ ಅಲ್ಲ ಇದು."

"ಹಂಗಾದ್ರ ಏಳ್ರಿ, ಹೋಗೂಣು. ಓಣಿಗೆಲ್ಲಾ ಹೇಳೇನಿ. ನೀವಿಬ್ರ ಹ್ವಾದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ?" ಬ್ಯಾಗನ್ನು ಅಣ್ಣನ ಮುಂದೆ ಇಟ್ಟಳು. "ಓಣಿ ದಾಟೂತನಾ ಇದನ್ನ ನೀ ಹಿಡಿ. ತಂಗಿ ಬ್ಯಾಗು ಅಣ್ಣ ಹಿಡಿಬೇಕಾಗ್ತದ."

ಭಾಗಪ್ಪ ಹಿಡಿದ. ಓಣಿಯ ಹೆಂಗಸರು ಶರ್ವರಿಯ ಜೀಪಿನವರೆಗೂ ಬಂದರು. ಮಾಲಾ ಕಿಟಕಿಯಿಂದ ಕೈ ಬೀಸಿದಳು, ಪಂಚಮಿ ಉಂಡಿ ತರ್ತೀನಿ ಎಂದು ಎಲ್ಲರಿಗೂ ಮಾತು ಕೊಟ್ಟಳು. ಜೀಪು ಓಣಿ ಬಿಟ್ಟು ಕಳ್ಳಕವಟಗಿಗೆ ಹೋಗುವ ತಿಕೋಟಾ ರಸ್ತೆಗೆ ಹೊರಳಿದ್ದೇ ಕೈ ಒಳಗೆ ತೆಗೆದುಕೊಂಡಳು.

"ಮಾಮಾರ, ಇಲ್ಲೇ ನಿಲ್ಲಸ್ರಿ," ಎಂದಳು ಜೀಪು ಹೊಡೆಯುತ್ತಿದ್ದ ಮರೆಪ್ಪನಿಗೆ. "ಇಲ್ಲಿಂದ ತಿಕೋಟಾ ಬಸ್ಸು ಹಿಡಿದು ಇಜಾಪುರಕ್ಕ ಹೋಗ್ತೀನಿ. ಅಲ್ಲಿ ಇಬ್ರಾಹಿಂಪುರದಾಗ ಗೆಳತಿ ಅದಾಳ. ಎರಡು ದಿನ ಅಲ್ಲಿದ್ದು ಬಂದ್ರ ಯಾರಿಗೂ ಗೊತ್ತಾಗೂದಿಲ್ಲ."

ಜೀಪು ನಿಂತಿತು. ಅದೇ ಹೊತ್ತಿಗೆ ಫೋನು ಮತ್ತೆ ಗುರುಗುಟ್ಟಿತು. ಈ ಸಲ ಶರ್ವರಿ ಎತ್ತಿದಳು. "ಇಲ್ಲ ನಂದಕಿಶೋರ ಅವರ, ಸಹಿ ಆಗಿಲ್ಲ. ಹೂಂ, ಗೊತ್ತೈತಿ. ಆ ಹೊಲ ಬಿಟ್ಟು ಉಳಿದವಕ್ಕ ಬರದು ಕೊಡ್ತೀನಿ. ಪಕ್ಕದವರದು ನೋಡ್ಕೋರಿ." ಹೊಲ ಕೈತಪ್ಪಿದ್ದನ್ನು ಭಾಗಪ್ಪ ತನ್ನ ಕಿವಿಯಿಂದಲೇ ಕೇಳಿದ್ದ. ಇನ್ನು ತಂಗಿಯಿಂದ ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ.

"ಬ್ಯಾಗು ಕೊಡು," ಎಂದಳು ಮಾಲಾ.

ಬ್ಯಾಗು ಅವನ ತೊಡೆಯ ಮೇಲಿತ್ತು. ಅವನು ಅದರ ಹಿಡಿಕೆಯನ್ನೇ ನೋಡುತ್ತಾ ಕೂತ.

"ಕೊಡೋ ಅಣ್ಣಾ. ಬಸ್ಸು ಬರ್ತೈತಿ."

"ನಾ ಬರೂಮುಂದ ಅವ್ವ ಬಾಗಲಾಗ ಕುಂತಿದ್ಲು," ಎಂದ ಭಾಗಪ್ಪ. "ನಿನ್ನ ಕರಕೊಂಡು ಬರ್ತೀನಂತ ನಾ ಏನೂ ಹೇಳಿಲ್ಲ. ಆದ್ರೂ ಉಂಡಿಗೆ ಶೇಂಗಾ ಹುರಿದಿಟ್ಟಾಳ. ಇನ್ನೂ ಅಲ್ಲೇ ಕುಂತಿರ್ತಾಳ."

ಹಿಂದಿನಿಂದ ಬಸ್ಸು ಹಾರ್ನು ಹೊಡೆಯುತ್ತಾ ಬಂತು, ಅವರ ಪಕ್ಕ ನಿಧಾನ ಮಾಡಿತು, ಯಾರೂ ಹತ್ತದ್ದು ನೋಡಿ ಮುಂದೆ ಹೋಯಿತು. ಮರೆಪ್ಪ ಯಾರನ್ನೂ ಕೇಳದೆ ಗೇರು ಹಾಕಿದ. ಬ್ಯಾಗಿಗೆಂದು ಚಾಚಿದ್ದ ಕೈಯನ್ನು ಮಾಲಾ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಹಿಡಿಕೆಯ ಇನ್ನೊಂದು ತುದಿಯ ಮೇಲೆ ಇಟ್ಟಳು. ತಿಕೋಟಾ ದಾಟುವವರೆಗೂ ಆ ಬ್ಯಾಗನ್ನು ಇಬ್ಬರೂ ಹಿಡಿದುಕೊಂಡೇ ಕೂತಿದ್ದರು.