ಮೂರನೆಯ ಕೂಗು

ಕ್ವಾರಿಯ ಹಳೇ ಸೈರನ್ನಿನೊಳಗೆ ಕಣಜ ಗೂಡು ಕಟ್ಟಿತ್ತು. ಏಳು ವರ್ಷದಿಂದ ಅದು ಕೂಗಿರಲಿಲ್ಲ. ಬಂಡೆಗೆ ಮದ್ದಿಡುವಾಗ ಮೇಸ್ತ್ರಿ ಕೆಂಪು ಬಟ್ಟೆ ಬೀಸುತ್ತಿದ್ದ. ಗುಂಡಿಯಲ್ಲಿ ಬಗ್ಗಿ ಜಲ್ಲಿ ಒಡೆಯುವ ಹೆಂಗಸರಿಗೆ ಅದು ಕಾಣುತ್ತಿರಲಿಲ್ಲ. ಚಿಕ್ಕಮ್ಮ ವೆಂಕಟಲಕ್ಷ್ಮಿಯ ಒಂದು ಕಣ್ಣು ಹೋದದ್ದು ಹಾಗೇ.

ಎರಡು ಸಾವಿರದ ನಾಲ್ಕರ ಸಂಕ್ರಾಂತಿ ಮುಗಿದ ವಾರ ಸರ್ಕಾರಿ ತಪಾಸಣೆ ಇದೆ ಎಂದು ಗೊತ್ತಾಯಿತು. ಮ್ಯಾನೇಜರ್ ಶ್ರೀನಿವಾಸ್, ಕಂಪ್ರೆಸರ್ ಮೆಕ್ಯಾನಿಕ್ ಆಗಿದ್ದ ಅಪ್ಪನನ್ನು ಕರೆದ.

"ಮುನಿಕೃಷ್ಣಪ್ಪ, ಇದು ಕೂಗ್ಬೇಕು."

"ಕೂಗಿಸ್ತೀನಿ ಸಾರ್. ಆಮೇಲೂ ಕೂಗ್ಬೇಕು. ದಿನಾ, ಮದ್ದಿಗೆ ಮುಂಚೆ."

"ಕೂಗ್ಸಣ ಬಿಡಪ್ಪಾ."

ಅಪ್ಪ ಅದನ್ನು ಅಂಗಳಕ್ಕೆ ತಂದು ಹೊಗೆ ಹಾಕಿ ಕಣಜ ಓಡಿಸಿದ. ಹಲ್ಲುಚಕ್ರಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಮುರಿದ ಹಲ್ಲಿಗೆ ಹೊಸೂರಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿದ. ತುಕ್ಕು ಉಜ್ಜಿದ್ದು ಚಿಕ್ಕಮ್ಮ. ನಾನು ಕನ್ನಡ, ತಮಿಳು ಎರಡರಲ್ಲೂ ಬೋರ್ಡು ಬರೆದೆ: ಮೊದಲ ಕೂಗು, ಮೇಲೆ ಬನ್ನಿ. ಎರಡನೆಯದು, ಬೆಂಕಿ. ಮೂರನೆಯದು, ಇಳಿಯಬಹುದು.

ಸೈರನ್ನು, ಬೋರ್ಡು ಎರಡನ್ನೂ ಗುಂಡಿಯ ಅಂಚಿನ ಕಂಬಕ್ಕೆ ಕಟ್ಟಿದೆವು. ತಪಾಸಣೆಗೆ ಬಂದ ಆಫೀಸರ್ ಮೂರೂ ಕೂಗು ಕೇಳಿದರು, ಟೀ ಕುಡಿದರು, ಹೋದರು. ಜೀಪಿನ ಧೂಳು ಅಡಗುವ ಮೊದಲೇ ಶ್ರೀನಿವಾಸ್ ಸೈರನ್ ತಿರುಗಿಸುವ ಹ್ಯಾಂಡಲ್ ಕಿತ್ತು ಡ್ರಾಯರಿಗೆ ಹಾಕಿ ಬೀಗ ಹಾಕಿದ.

"ಮೂರು ಸಲ ಕೂಗಿದ್ರೆ ಮುಕ್ಕಾಲು ಗಂಟೆ ಕೆಲ್ಸ ನಿಲ್ತದೆ. ಇನ್ಮೇಲೆ ಬೆಳಿಗ್ಗೆ ಎಂಟಕ್ಕೆ ಒಂದ್ಸಲ. ಹಾಜರಿಗೆ."

ಮಾರನೇ ದಿನ ಎಂಟಕ್ಕೆ ಅದು ಕೂಗಿತು. ಬೇಗನೆ ಬಂದು ಗುಂಡಿಗೆ ಇಳಿದಿದ್ದ ಹೆಂಗಸರು ಸುತ್ತಿಗೆ ಬಿಸಾಕಿ ಮೇಲಕ್ಕೋಡಿ ಬಂದರು. ಶ್ರೀನಿವಾಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಜರಿ ಕಣ್ರಮ್ಮಾ! ಇಳೀರಿ!"

ಅಪ್ಪ ನಗಲಿಲ್ಲ. ಮುರಿದ ಹಾರೆಯ ತುಂಡನ್ನು ಕಾಯಿಸಿ, ಬಗ್ಗಿಸಿ, ಇನ್ನೊಂದು ಹ್ಯಾಂಡಲ್ ಮಾಡಿದ.

"ನನ್ ಮೇಲೆ ಅವನ ಕಣ್ಣೈತೆ ಮಗಾ. ನೀನು ಊಟ ತರೋಳು. ನಿನ್ನ ಯಾರೂ ನೋಡಲ್ಲ."

ನಿಜ. ಡಿಗ್ರಿ ಮಾಡಿದರೂ ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ.

ಮರುದಿನ ಮಧ್ಯಾಹ್ನ ಮುದ್ದೆಯ ಬುಟ್ಟಿ ಹೊತ್ತು ಹೋದಾಗ ಮೇಸ್ತ್ರಿ ಬಟ್ಟೆ ಬೀಸುತ್ತಿದ್ದ. ಗುಂಡಿಯಲ್ಲಿ ಜಲ್ಲಿ ಒಡೆಯುತ್ತಿದ್ದ ಅಮ್ಮ ಅವನಿಗೆ ಬೆನ್ನು ಮಾಡಿ ಕೂತಿದ್ದಳು. ಮದ್ದಿನ ಬತ್ತಿಗೆ ಅವನು ಆಗಲೇ ಬೆಂಕಿ ಮುಟ್ಟಿಸಿದ್ದ.

ಬುಟ್ಟಿ ಇಳಿಸಿದೆ. ಮುದ್ದೆಗೆ ಮುಚ್ಚಿದ್ದ ಬಟ್ಟೆಯಡಿಯಿಂದ ಅಪ್ಪ ಮಾಡಿದ ಹ್ಯಾಂಡಲ್ ತೆಗೆದು ಸೈರನ್ನಿಗೆ ಸಿಕ್ಕಿಸಿ, ತಿರುಗಿಸಿದೆ. ಭುಜ ಕಳಚುವಂತೆ ತಿರುಗಿಸಿದೆ.

ಕೆಳಗಿನವರು ತಲೆ ಎತ್ತಿದರು. "ಈಗೆಂಥ ಹಾಜರಿನೇ?" ಅವರಲ್ಲೊಬ್ಬಳು, ಲಕ್ಷ್ಮಿದೇವಮ್ಮ, ಕೂಗಿದಳು. ಯಾರೂ ಏಳಲಿಲ್ಲ.

"ಮದ್ದು!" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮದ್ದು! ಅಮ್ಮಾ, ಮೇಲೆ ಬಾ!"

ಎಲ್ಲರೂ ಹತ್ತಿದರು. ಕೊನೆಯವಳು ಅಮ್ಮ. ಬಂಡೆ ಸಿಡಿಯಿತು. ಅಮ್ಮ ಕೂತಿದ್ದ ಜಾಗದಲ್ಲಿ ಎಮ್ಮೆಯಷ್ಟು ದೊಡ್ಡ ಕಲ್ಲು ಬಿದ್ದಿತ್ತು.

ಶ್ರೀನಿವಾಸ್ ಓಡಿ ಬಂದ. "ಹ್ಯಾಂಡ್ಲು ಕೊಡೇ!"

ನನ್ನ ಕೈ ಖಾಲಿಯಾಗಿತ್ತು. ಚಿಕ್ಕಮ್ಮ ಆಗಲೇ ಕಿತ್ತುಕೊಂಡಿದ್ದಳು. ಅವಳಿಂದ ಯಾವ ಸೆರಗಿಗೆ ಹೋಯಿತೋ.

"ಯಾರ ಹತ್ರ ಐತೆ? ಇಳೀರಿ ಎಲ್ಲಾ, ಇಲ್ಲಾಂದ್ರೆ ಕೆಲ್ಸ ಇಲ್ಲ!"

ಮೂವತ್ತು ಜನ ಸೈರನ್ ಕಂಬದ ಸುತ್ತ ಕೂತರು.

"ಬೋರ್ಡು ಓದಿ ಸಾರ್," ಚಿಕ್ಕಮ್ಮ ಅಂದಳು, ಒಂದೇ ಕಣ್ಣಲ್ಲಿ ಅವನನ್ನು ನೋಡುತ್ತ. "ಮೂರ್ನೇದು ಇನ್ನೂ ಕೂಗಿಲ್ಲ."