ಬ್ರೂನೋಗೆ ಆಗದ ಗಿಡ

ತಮ್ಮ ನಾಯಿ ಬ್ರೂನೋಗೆ ವಿಷವೆಂದು ಗೊತ್ತಾದ ಗಿಡವನ್ನು ಶೈಲಶ್ರೀ ಮನೆಗೆಲಸದ ಗುಡ್ಡವ್ವನಿಗೆ ಉಡುಗೊರೆಯಾಗಿ ಕೊಟ್ಟಳು. ಗುಡ್ಡವ್ವನ ಮನೆಯಲ್ಲೂ ಒಂದು ನಾಯಿ ಇತ್ತು.

ಕೊಟ್ಟದ್ದು ಸೋಮವಾರ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರ ಪಡಸಾಲೆ ಒರೆಸಿ, ಬಕೆಟ್ಟಿನ ನೀರು ಚೆಲ್ಲಿ ಹೊರಟಿದ್ದ ಗುಡ್ಡವ್ವನನ್ನು ಅವರ ಸೊಸೆ ಶೈಲಶ್ರೀಯೇ ಕೂಗಿ ನಿಲ್ಲಿಸಿದ್ದಳು. ರಾಣೆಬೆನ್ನೂರಿನ ನರ್ಸರಿಯಿಂದ ತಂದ ಗಿಡ. ದಪ್ಪ ದಪ್ಪ ಎಲೆ, ಗೊಂಚಲು ಗೊಂಚಲು ಕೆಂಪು ಹೂವು, ಬಿಳಿ ಪಿಂಗಾಣಿಯ ಕುಂಡ.

"ಇದನ್ನ ನೀ ಒಯ್ಯಿ ಗುಡ್ಡವ್ವಾ. ವಾರಕ್ಕೊಮ್ಮೆ ನೀರು ಹಾಕಿದ್ರ ಸಾಕು. ನಿಮ್ಮನಿಗೆ ಕಳೆ ಬರತೈತಿ."

"ಕುಂಡ ಸೈತ ಕೊಡ್ತೀರೇನ್ರಿ ಅಕ್ಕಾರ?"

"ಕುಂಡ ಇಟ್ಕೊಂಡು ನಾ ಏನ್ ಮಾಡ್ಲಿ? ನೀ ಏನ್ ನಮಗ ಹೊರಗಿನಾಕೇನು."

ಹನ್ನೊಂದು ವರ್ಷದಲ್ಲಿ ಆ ಮನೆಯಿಂದ ಗುಡ್ಡವ್ವನ ಮನೆಗೆ ಬಂದದ್ದು ಹಳೆ ಸೀರೆ, ಹಿಡಿ ಮುರಿದ ಕುಕ್ಕರು, ತಂಗಳು ಚಪಾತಿ. ಚಂದದ ವಸ್ತು ಬಂದದ್ದು ಇದೇ ಮೊದಲು. ಕೂಸನ್ನು ಎತ್ತಿಕೊಂಡಂತೆ ಕುಂಡವನ್ನು ಸೊಂಟಕ್ಕಿಟ್ಟು, ದಾರಿಯಲ್ಲಿ ಕಂಡವರಿಗೆಲ್ಲ "ಅಕ್ಕಾರು ಕೊಟ್ರು" ಎಂದು ಹೇಳುತ್ತ ಅವಳು ನಡೆದಳು.

ಅವಳ ಗಂಡ ತಿರಕಪ್ಪ ಮಾರುಕಟ್ಟೆಯಲ್ಲಿ ಹಮಾಲ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಅವನು ಯಾವ ಹೊತ್ತಿಗೆ ಮನೆಗೆ ಬರುತ್ತಾನೆಂಬುದು ಅವನಿಗೇ ಗೊತ್ತಿರುವುದಿಲ್ಲ. ಮನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಹೊಸ್ತಿಲಿಗೆ ಅಡ್ಡ ಮಲಗುವ ಕೆಂಚನೇ ಚಿಲಕ. ಆ ನಾಯಿಯ ಮೈ ಬಾಗಿಲಿಗೆ ಒತ್ತಿದ ಸಪ್ಪಳ ಕೇಳಿದ ಮೇಲೆಯೇ ಗುಡ್ಡವ್ವನ ಕಣ್ಣು ಮುಚ್ಚುತ್ತಿದ್ದುದು.

ಬುಧವಾರ ಬೆಳಿಗ್ಗೆ ಕೆಂಚ ಆ ಗಿಡಕ್ಕೆ ಬಾಯಿ ಹಾಕಿ ಹೂವು, ಎಲೆ ಎರಡನ್ನೂ ಅಗಿಯುತ್ತಿದ್ದ. ಗುಡ್ಡವ್ವ ಗದರಿಸಿದಳು, ಆದರೆ ಹೆದರಲಿಲ್ಲ. ಕಿಡ್ನಿಯಲ್ಲಿ ಹರಳಾದಾಗ ತಿರಕಪ್ಪ ದಿನಾ ಖಾಲಿ ಹೊಟ್ಟೆಯಲ್ಲಿ ತಿಂದ ಕಾಡುಬಸಳೆಯ ಎಲೆಯೂ ಹೀಗೇ ದಪ್ಪಗಿತ್ತು. ಮನುಷ್ಯನಿಗೆ ಔಷಧವಾದದ್ದು ನಾಯಿಗೆ ಏನು ಮಾಡೀತು? "ನಿನಗೂ ಹರಳ ಆಗ್ಯಾವೇನಲೇ" ಎಂದು ನಕ್ಕು ಕೆಲಸಕ್ಕೆ ಹೋದಳು.

ಮಧ್ಯಾಹ್ನ ಬಂದಾಗ ಕೆಂಚ ವಾಂತಿಯಲ್ಲೇ ಬಿದ್ದಿದ್ದ. ಎಬ್ಬಿಸಿದರೆ ಹಿಂಗಾಲು ನಿಲ್ಲಲಿಲ್ಲ. ಗೋಣಿಚೀಲದಲ್ಲಿ ಸುತ್ತಿ, ಗಿಡದ ಒಂದು ಟೊಂಗೆಯನ್ನು ಸೆರಗಿಗೆ ಕಟ್ಟಿಕೊಂಡು, ಓಣಿಯ ಆಟೋದಲ್ಲಿ ಪಶುವೈದ್ಯ ವಿಜಯಮಹಾಂತೇಶರ ಹತ್ತಿರ ಒಯ್ದಳು.

ಡಾಕ್ಟರು ನಾಯಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. "ಬಡಿತ ತಪ್ಪಾಕತ್ತೈತಿ. ಏನ್ ತಿಂದೈತಿ?"

ಅವಳು ಸೆರಗು ಬಿಚ್ಚಿ ತೋರಿಸಿದಳು.

"ಮತ್ತ ಇದಾ? ಇದು ಕಲಾಂಚೊ. ನಾಯಿ ಎದಿಗೇ ಕೈ ಹಾಕತೈತಿ. ಎಲಿಗಿಂತ ಹೂವಿನ್ಯಾಗ ವಿಷ ಜಾಸ್ತಿ. ಆಡು, ದನಕ್ಕೂ ಆಗೂದಿಲ್ಲ. ಪ್ರಭುಲಿಂಗಪ್ಪನವರ ಸೊಸಿ ಇದರದ ಫೋಟೋ ಕಳಿಸಿದ್ರು, ನಮ್ಮ ಬ್ರೂನೋಗ ಏನರ ಆಕ್ಕೈತೇನ್ರಿ ಅಂತ. ಮನಿಯಾಗ ಇಡಬ್ಯಾಡ್ರಿ ಅಂತ ಖಡಾಖಂಡಿತ ಹೇಳಿದ್ದೆ."

"ಯಾವಾಗ್ರಿ?"

"ಮೊನ್ನೆ ರವಿವಾರ. ಯಾಕ?"

ಗುಡ್ಡವ್ವ ಬೆರಳು ಮಡಚಿ ಎಣಿಸಿದಳು. ರವಿವಾರದ ಮರುದಿನ ಸೋಮವಾರ. ಕುಂಡವನ್ನೂ ಯಾಕೆ ಕೊಟ್ಟರೆಂದು ಈಗ ತಿಳಿಯಿತು. ಆ ಗಿಡ ನಿಂತಿದ್ದ ಕುಂಡವನ್ನು ತಮ್ಮ ನಾಯಿ ಮೂಸೀತೆಂದು ಸಹ ಅವರಿಗೆ ಹೆದರಿಕೆಯಿತ್ತು.

ಡಾಕ್ಟರು ಸಲಾಯಿನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಸಂಜೆ ಅವಳು ಕೆಂಚನನ್ನು ಮನೆಗೆ ತಂದು ಅವನ ಜಾಗದಲ್ಲೇ ಮಲಗಿಸಿದಳು. ಗುರುವಾರ ಬೆಳಕು ಹರಿಯುವಾಗ ಕೆಂಚ ಹೊಸ್ತಿಲ ಮೇಲೆ ಸೆಟೆದು ಬಿದ್ದಿದ್ದ. ಗಂಡ ಹೆಂಡತಿ ಇಬ್ಬರೂ ಸೇರಿ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ಗುಡ್ಡವ್ವ ಕೈ ತೊಳೆದು ಕೆಲಸದ ಮನೆಗೆ ಹೋದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು: ಗೊತ್ತಿತ್ತು, ತಪ್ಪಾತು.

ಶೈಲಶ್ರೀ ಬ್ರೂನೋನ ಮೈ ಬಾಚುತ್ತಿದ್ದಳು. "ಯಾಕ ಇಷ್ಟೊತ್ತು? ಭಾಂಡೆ ಹಂಗ ಬಿದ್ದಾವ."

"ಕೆಂಚ ಹೋದನ್ರಿ ಅಕ್ಕಾರ. ನೀವು ಕೊಟ್ಟ ಗಿಡ ತಿಂದು."

ಬಾಚಣಿಗೆ ನಿಂತಿತು. "ಅಯ್ಯ, ನಿಮ್ಮನ್ಯಾಗ ನಾಯಿ ಐತಿ ಅನ್ನೋದು ನನಗೆಲ್ಲಿ ನೆನಪಿರ್ತೈತಿ?"

"ಇದನ್ನ ನಿನ್ನ ಕೆಂಚಗ ಹಾಕು ಅಂತ ದಿನಾ ಚಪಾತಿ ಕಟ್ಟಿ ಕೊಡಾವ್ರು ನೀವಾ ಅಲ್ಲೇನ್ರಿ?"

ಶೈಲಶ್ರೀಯ ಮುಖ ಕೆಂಪೇರಿತು. "ನಿನ್ನ ಗಂಡ ಹರಳಿಗಂತ ಅಂಥಾದ್ದ ಎಲಿ ತಿಂದಾನಲ್ಲ, ಏನಾತು ಅವಂಗ? ನಿಮಗೆಲ್ಲ ಅದು ರೂಢಿ ಅಂತ ತಿಳಕೊಂಡೆ."

"ಹಂಗಿದ್ರ ಬ್ರೂನೋಗ ಯಾಕ ಹಾಕ್ಲಿಲ್ರಿ?"

ಹೆಸರು ಕೇಳಿ ಬ್ರೂನೋ ಬಾಲ ಆಡಿಸಿತು. ಪಾಪ, ಅದಕ್ಕೇನು ಗೊತ್ತು. ಮರೆತಿದ್ದರೆ ಗುಡ್ಡವ್ವ ಕ್ಷಮಿಸುತ್ತಿದ್ದಳು. ಮರೆತಿರಲಿಲ್ಲ. ಒಂದು ನಾಯಿಯ ಜೀವ ಉಳಿಸಲು ಡಾಕ್ಟರನ್ನು ಕೇಳಿದವರು, ಇನ್ನೊಂದರ ಹತ್ತಿರ ಅದೇ ವಿಷವನ್ನು ನಗುತ್ತ ಕಳಿಸಿದ್ದರು.

ಒಳಗಿನಿಂದ ಶೈಲಶ್ರೀಯ ಅತ್ತೆ ಗದಿಗೆವ್ವ ಬಂದಳು. "ಒಂದ ಬೀದಿ ನಾಯಿ ಸಲುವಾಗಿ ಏನ್ ಪಂಚಾಯ್ತಿ ಹಚ್ಚೀದಿ ಗುಡ್ಡವ್ವಾ? ನಿಮ್ಮ ಓಣ್ಯಾಗ ನಾಯಿಗೇನ್ ಬರ ಐತೇನು, ಇನ್ನೊಂದ ಹಿಡಕೊಂಡ ಬಾ. ಅಂಗಡಿಗಂತ ತರಿಸಿದ್ದು ಅಂಥಾವ ಇನ್ನೆರಡು ಗಿಡ ಮ್ಯಾಳಿಗಿ ಮ್ಯಾಲ ಅದಾವ. ಕಿತ್ತು ಹಿಂದಿನ ಗೋಡಿ ಆಚೆ ಒಗದು ಬಾ. ಆಮ್ಯಾಲ ಭಾಂಡೆ ತಿಕ್ಕು."

ಹಿಂದಿನ ಗೋಡೆಯ ಆಚೆ ಇದ್ದದ್ದು ಗುಡ್ಡವ್ವನ ಓಣಿ. ಅಲ್ಲಿ ದಿಲನಾಜಳ ಆಡುಗಳು ಗೋಡೆಗುಂಟ ಮೇಯುತ್ತಿದ್ದವು. ಪ್ರೇಮವ್ವನ ಮನೆಯ ನಾಯಿ ಮರಿ ಹಾಕಿ ಎಂಟು ದಿನವಾಗಿತ್ತು.

"ಒಲ್ಲೆ" ಎಂದಳು ಗುಡ್ಡವ್ವ.

"ಏನಂದಿ?"

"ನಾ ಒಗಿಯಾಂಗಿಲ್ರಿ ಅಮ್ಮಾರ."

"ಒಗಿಯಾಂಗಿಲ್ಲ ಅಂದ್ರ? ಹನ್ನೊಂದು ವರ್ಷ ಈ ಮನಿ ಅನ್ನ ಉಂಡು, ಹೇಳಿದ ಕೆಲಸ ಮಾಡಾಂಗಿಲ್ಲ ಅಂತೀಯಾ?"

"ಇದನ್ನ ಮಾಡಾಂಗಿಲ್ಲ. ಬೇಕಾದ್ರ ನೀವಾ ಒಗದು ಬರ್ರಿ. ಆಚೆ ಕಡೆ ನಾ ನಿಂತಿರ್ತೇನಿ."