ಪ್ರೆಸ್ಸಿನ ಬಾಯಲ್ಲಿ ಕೈ

ತಮ್ಮನ ಚೀರಾಟ ಕೇಳಿ ಅವಳು ಮಿಷನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡುಗಳ ಕೋಣೆಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದಾಗ, ತಗಡು ಬಾಗಿಸುವ ದೊಡ್ಡ ಪ್ರೆಸ್ಸು ಅವನ ಎಡಗೈಯನ್ನು ಕಚ್ಚಿಕೊಂಡು ನಿಂತಿತ್ತು. ಅಚ್ಚಿನ ಅಂಚಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತಗಡು ಮಡಚಿಕೊಂಡು ಅಡ್ಡ ಸಿಕ್ಕಿದ್ದರಿಂದ ಪ್ರೆಸ್ಸಿನ ತಲೆ ಅರ್ಧಕ್ಕೇ ನಿಂತಿತ್ತು. ಪೂರ್ತಿ ಇಳಿದಿದ್ದರೆ ಆ ಕೈಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹೀಗಾಗಲೇಬಾರದಿತ್ತು. ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯಲಿ ಎಂದು ಬೋರ್ಡಿಗೆ ಪ್ರೋಗ್ರಾಮು ಬರೆದವಳು ಅವಳೇ. ಬೆಳಿಗ್ಗೆ ಯಜಮಾನ ಒಂದು ಗುಂಡಿಗೆ ಟೇಪು ಸುತ್ತಿ ಒತ್ತಿಹಿಡಿಸಿದ್ದ. ಒಂದು ಕೈಯಲ್ಲಿ ತಗಡು ಹಿಡಿದು ಇನ್ನೊಂದರಲ್ಲಿ ಒತ್ತಿದರೆ ಕೆಲಸ ಬೇಗ ಆಗುತ್ತದಂತೆ. ಆಯಿತಲ್ಲ, ಬೇಗ!

ಉಳಿದ ಕೆಲಸಗಾರರು ಊಟಕ್ಕೆ ಹೋಗಿದ್ದರು. ಯಜಮಾನ ಗೋಡೆಯ ಸ್ವಿಚ್ಚಿನತ್ತ ನುಗ್ಗಿದ.

"ಮೇನ್ ಆಫ್ ಮಾಡ್ತೀನಿ, ತಡಿ."

"ಮುಟ್ಬೇಡಿ! ಕರೆಂಟ್ ಹೋದ್ರೆ ತಲೆ ತನ್ನ ಭಾರಕ್ಕೇ ಕೆಳಗಿಳಿಯುತ್ತೆ!"

"ನನ್ನ ಮಿಷನ್ನು ನಂಗೇ ಕಲಿಸ್ತೀಯಾ?"

ಕೇಳದ ಕಿವಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವುದು ಯಾಕೆ? ಅವಳು ಬೆಂಚಿನ ಮೇಲಿದ್ದ ಸ್ಪ್ಯಾನರು ಎತ್ತಿ ಅವನ ಮುಂಗೈಗೆ ಬೀಸಿದಳು. ಮೂಳೆ ಲಟಕ್ಕೆಂದಿತು. ಅವನು ಬೊಬ್ಬಿಡುತ್ತ ಕುಸಿದ. ಅವಳಿಗೆ ಒಂದಿಷ್ಟೂ ಪಾಪ ಅನ್ನಿಸಲಿಲ್ಲ.

ತಗಡು ಸಿಕ್ಕಿಕೊಂಡಾಗ ಬೋರ್ಡು ಗುಂಡಿಗಳನ್ನೆಲ್ಲ ಬಂದ್ ಮಾಡಿಬಿಡುತ್ತಿತ್ತು. ತಲೆಯನ್ನು ಎತ್ತಲು ಉಳಿದದ್ದು ಒಂದೇ ದಾರಿ: ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸಿ ಬೋರ್ಡಿನ ಸೀರಿಯಲ್ ಪಿನ್ನುಗಳಿಗೆ ಆಜ್ಞೆ ದಾಟಿಸುವ ಬೆರಳುದ್ದದ ಅಡಾಪ್ಟರು. ಕೋಣೆಯಿಂದ ಎರಡನ್ನೂ ತಂದು, ತಮ್ಮನ ಪಕ್ಕದಲ್ಲೇ ಒಂದು ಡಬ್ಬ ಬೋರಲು ಹಾಕಿ, ಲ್ಯಾಪ್‌ಟಾಪ್ ಇಟ್ಟು, ವೈರುಗಳನ್ನು ಬೋರ್ಡಿಗೆ ಚುಚ್ಚಿದಳು.

"ಅಕ್ಕಾ, ಬೇಗ... ಬೆರಳು ಗೊತ್ತಾಗ್ತಿಲ್ಲ."

"ಆಯ್ತು ಕಣೋ, ಆಯ್ತು."

ಬೋರ್ಡಿನ ಜೊತೆ ಮಾತು ಶುರುಮಾಡುವ ಪೋರ್ಟು ತೆರೆಯಲು ಬೆರಳೆತ್ತಿದವಳು ಥಟ್ಟನೆ ಕೈ ಹಿಂದೆಗೆದಳು. ಪೋರ್ಟು ತೆರೆದ ಕೂಡಲೇ ಅಡಾಪ್ಟರಿನ ಒಂದು ವೈರು ಬೋರ್ಡನ್ನು ರೀಸೆಟ್ ಮಾಡಿ ಮೊದಲಿಂದ ಶುರುಮಾಡಿಸುತ್ತಿತ್ತು. ಹೊಸ ಪ್ರೋಗ್ರಾಮು ತುಂಬುವಾಗ ಪ್ರತಿಸಲ ಗುಂಡಿ ಒತ್ತುವ ರಗಳೆ ಯಾರಿಗೆ ಬೇಕು ಎಂದು ಅವಳೇ ಬೆಸುಗೆ ಹಾಕಿಕೊಂಡ ಅನುಕೂಲ ಅದು. ರೀಸೆಟ್ ಆದ ಬೋರ್ಡು ಅಳತೆ ನೋಡಿಕೊಳ್ಳಲು ಪ್ರೆಸ್ಸಿನ ತಲೆಯನ್ನು ಮೊದಲು ತಳ ಮುಟ್ಟಿಸಿ, ಆಮೇಲೆ ಎತ್ತುತ್ತಿತ್ತು. ಅಯ್ಯೋ, ತಮ್ಮನ ಕೈಯನ್ನು ಅಕ್ಕನೇ ಅರೆದುಹಾಕುತ್ತಿದ್ದಳಲ್ಲ! ಆ ವೈರನ್ನು ಹಲ್ಲಿನಿಂದ ಕಚ್ಚಿ ಕಿತ್ತಳು.

ಪೋರ್ಟು ತೆರೆದು ಆಜ್ಞೆ ಕಳಿಸಿದಳು. ಬೋರ್ಡು ತುಟಿಪಿಟಕ್ಕೆನ್ನಲಿಲ್ಲ. ನೋಡಿದರೆ, ಅವಸರದಲ್ಲಿ ಅಡಾಪ್ಟರಿನ ಕಳಿಸುವ ವೈರನ್ನು ಬೋರ್ಡಿನ ಕಳಿಸುವ ಪಿನ್ನಿಗೇ ಚುಚ್ಚಿದ್ದಳು. ಇಬ್ಬರೂ ಮಾತಾಡುವವರೇ, ಕೇಳುವವರು ಯಾರೂ ಇಲ್ಲ. ಎರಡನ್ನೂ ಅದಲು ಬದಲು ಮಾಡಿ ಮತ್ತೆ ಆಜ್ಞೆ ಬರೆಯುವಷ್ಟರಲ್ಲಿ ಯಜಮಾನ ಹಿಂದಿನಿಂದ ಇನ್ನೊಂದು ಕೈಯಲ್ಲಿ ಅವಳ ಜುಟ್ಟು ಹಿಡಿದ.

"ನನ್ನ ಜಾಗದಲ್ಲಿ ನಂಗೇ ಹೊಡೀತೀಯೇನೇ?"

ಅವಳ ಹಣೆಯನ್ನು ಕಬ್ಬಿಣದ ಚೌಕಟ್ಟಿಗೆ ಜಜ್ಜಿದ. ಇನ್ನೊಮ್ಮೆ ಜಜ್ಜಿದ. ಕಣ್ಣಿಗೆ ರಕ್ತ ಇಳಿದು ಪರದೆ ಕಾಣದಾಯಿತು.

"ಎಂಟರ್ ಒತ್ತೋ!" ಎಂದು ಕಿರುಚಿದಳು.

ಭುಜದ ಕೀಲು ತಪ್ಪುವಷ್ಟು ಬಲಗೈ ಚಾಚಿ ತಮ್ಮ ಒತ್ತಿದ. ಪ್ರೆಸ್ಸು ಬುಸುಗುಟ್ಟಿ ತಲೆಯೆತ್ತಿತು. ಕೈ ಹೊರಬಂತು. ಎರಡು ಬೆರಳು ಬರೀ ಚರ್ಮದಲ್ಲಿ ತೂಗುತ್ತಿದ್ದವು.

ಅವನು ಆ ಕೈಯನ್ನು ನೋಡಲೂ ಇಲ್ಲ. ತಲೆಯಿಂದ ಗುದ್ದಿ ಯಜಮಾನನ ಮೂಗು ಒಡೆದ. ಹೊಟ್ಟೆಗೆ ಮಂಡಿ ಕೊಟ್ಟ. ಅವನ ಮುರಿದ ಕೈಯನ್ನು ಎಳೆದು ಅಚ್ಚಿನ ಮೇಲಿಟ್ಟು, ಬೆನ್ನ ಮೇಲೆ ಮೈಯೆಲ್ಲ ಹೇರಿ ಅದುಮಿ ಹಿಡಿದ.

"ಅಕ್ಕಾ, ರೀಸೆಟ್ ಮಾಡು."

"ಬೇಡ್ರೋ... ದಮ್ಮಯ್ಯ ಅಂತೀನಿ..." ಯಜಮಾನನ ಬಾಯಿ ತುಂಬ ರಕ್ತ.

"ಮಾಡೇ ಅಕ್ಕಾ!"

ಅವಳಿಗೆ ಆಸೆಯಾಯಿತು, ಸುಳ್ಳೇಕೆ? ಬೋರ್ಡಿನ ರೀಸೆಟ್ ಗುಂಡಿ ಕೈಗೆಟಕುವಷ್ಟರಲ್ಲೇ ಇತ್ತು. ಬೆರಳು ಅಲ್ಲಿಯವರೆಗೆ ಹೋಯಿತು ಕೂಡ. ಆಮೇಲೆ ಕೆಳಗೆ ಬಿದ್ದಿದ್ದ ಉಕ್ಕಿನ ದಿಮ್ಮಿಯನ್ನು ಎತ್ತಿ, ಪ್ರೆಸ್ಸಿನ ಬಾಯಿ ಮುಚ್ಚದ ಹಾಗೆ ಅಡ್ಡ ಇಟ್ಟಳು.

"ಬಿಡು ಅವನ್ನ. ಆಸ್ಪತ್ರೆಗೆ ಹೋಗೋಣ ನಡಿ."

ತಮ್ಮ ಅವಳನ್ನು ಯಾರೋ ಅನ್ನುವಂತೆ ನೋಡಿದ.

"ನನ್ನ ಕೈಗಿಂತ ಅವನ ಕೈ ಹೆಚ್ಚಾಯ್ತಾ ನಿಂಗೆ?"

"ಅವನ ಕೈಗೆ ಬೆಂಕಿ ಬೀಳ್ಲಿ! ನಿನ್ನ ಇನ್ನೊಂದು ಕೈಗೆ ಬೇಡಿ ಬೀಳ್ಬಾರ್ದು ಅಂತ ಕಣೋ."

ಅವನು ನಂಬಲಿಲ್ಲ. ಯಜಮಾನನನ್ನು ಬಿಟ್ಟು, ಜಜ್ಜಿಹೋದ ಕೈಯನ್ನು ಎದೆಗೊತ್ತಿಕೊಂಡು ಎದ್ದ. ಅವಳು ತೋಳು ಹಿಡಿಯಲು ಹೋದಳು. ಮುಟ್ಟಬೇಡ ಎಂದು ಕೊಡವಿ, ಗೋಡೆಗೆ ರಕ್ತ ಒರೆಸುತ್ತ, ಒಬ್ಬನೇ ಬಾಗಿಲು ದಾಟಿದ.